ಶಬ್ಬೂತ್ ಮೀನಿಗೆ ಹಿಪ್ಪುನೇರಳೆ

ಯೂಫ್ರಟಿಸ್ ಹೊಳೆಯ ದಡದ ಹೀತ್ ಊರಿನ ಚಹಾದಂಗಡಿಯಲ್ಲಿ ಖಲಫ್ ಆಡಿದ ಮಾತು ಅವನ ಮನೆ ಮುಟ್ಟುವುದಕ್ಕೆ ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನ ಹೆಂಡತಿ ಸಬ್ರಿಯಾ ಅಂಗಳದ ತಂದೂರಿನ ಮುಂದೆ ಕೂತು ಒಳಗೋಡೆಗೆ ರೊಟ್ಟಿ ತಟ್ಟುತ್ತಿದ್ದಳು. ಪಕ್ಕದ ಮನೆಯ ಫಿದ್ದಾ, ಊರಿನ ರೂಢಿಯಂತೆ ಮಗಳ ಹೆಸರು ಹಿಡಿದು ಕರೆಯುತ್ತ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದಳು.

"ನವಾಲ್ ಅಮ್ಮಾ, ಮೊದ್ಲು ಆ ಬೆಂಕಿ ಪಕ್ಕದಿಂದ ಎದ್ದು ಬಾ."

"ಯಾರು ಸತ್ರು?"

"ಯಾರೂ ಸತ್ತಿಲ್ಲ. ನಿನ್ನ ಗಂಡ ಮತ್ತೆ ಆಣೆ ಹಾಕಿದಾನೆ."

ಸಬ್ರಿಯಾಳ ಕೈಯಲ್ಲಿದ್ದ ಹಿಟ್ಟು ಜಾರಿ ಕೆಂಡದ ಮೇಲೆ ಬಿತ್ತು. ಸುಟ್ಟ ವಾಸನೆ ಎದ್ದರೂ ಅವಳು ತೆಗೆಯಲಿಲ್ಲ.

ಆದದ್ದಿಷ್ಟು. ಮೇಲಿನ ರಾವಾ ಊರಿನಿಂದ ಬಂದಿದ್ದ ಉಣ್ಣೆ ವ್ಯಾಪಾರಿ ಹಾಜಿ ಮುಖ್ಲಿಫ್ ಚಹಾ ಹೀರುತ್ತ, "ನಿಮ್ಮ ಹೀತ್‌ನವರು ಮೀನು ಹಿಡಿಯೋದು ಗಾಳದಿಂದಲ್ಲ ಕಣ್ರಯ್ಯಾ, ಬಾಯಿಂದ" ಎಂದು ತಮಾಷೆ ಮಾಡಿದ. ಸುತ್ತ ಕೂತವರು ನಕ್ಕರು. ಖಲಫ್‌ಗೆ ಎಲ್ಲಿ ಚುರುಕ್ ಅಂದಿತೋ, ಎದ್ದು ನಿಂತುಬಿಟ್ಟ. ಶುಕ್ರವಾರ ನಮಾಜ್ ಮುಗಿಸಿ ನೀವು ನಮ್ಮ ಮನೆಗೆ ಬನ್ನಿ, ನನ್ನ ಕೈಯಾರೆ ಹೊಳೆಯಿಂದ ಎಳೆದ ಶಬ್ಬೂತ್ ಮೀನನ್ನ ನಿಮ್ಮ ಮುಂದೆ ಇಡದಿದ್ದರೆ ನನ್ನ ಹೆಂಡತಿಗೆ ತಲಾಖ್ ಎಂದ. ಊರಿಗೆ ಊರೇ ಕೇಳಿಸಿಕೊಂಡಿತು.

ಆ ಸೀಮೆಯ ಗಂಡಸರಿಗೆ ಇದೊಂದು ಕೆಟ್ಟ ಚಟ. ನೆಂಟ ಊಟಕ್ಕೆ ನಿಲ್ಲದಿದ್ದರೆ ತಲಾಖ್, ಚಹಾದ ಹಣ ನಾನೇ ಕೊಡದಿದ್ದರೆ ತಲಾಖ್. ಬಹಳ ಮಂದಿಗೆ ಅದು ಬಾಯಿಯ ಉಗುಳಿದ್ದ ಹಾಗೆ, ಬಂತು, ಹೋಯಿತು. ಆದರೆ ಖಲಫ್‌ನ ಗ್ರಹಚಾರ ನೋಡಿ, ಅವನ ಆಣೆ ತಪ್ಪಿ ತಲಾಖ್ ಬಿದ್ದೇ ಬೀಳುತ್ತಿತ್ತು. ಹಿಂದೊಮ್ಮೆ ಜೊತೆಯ ಬೆಸ್ತ ದಹ್ಹಾಮ್‌ನ ಕತ್ತೆ ಸೇತುವೆ ದಾಟುವುದೇ ಇಲ್ಲವೆಂದು ಆಣೆ ಹಾಕಿದ. ಹುಟ್ಟಿದಾರಭ್ಯ ಸೇತುವೆ ಕಂಡರೆ ಹಿಂದೆ ಸರಿಯುತ್ತಿದ್ದ ಆ ಕತ್ತೆ ಅಂದು ಮದುವಣಗಿತ್ತಿಯ ಹಾಗೆ ನಡೆದು ದಾಟಿತು. ಇನ್ನೊಮ್ಮೆ ಊಟ ಮಾಡದೆ ಹೋಗಕೂಡದೆಂದು ಆಣೆ ಹಾಕಿ ಕೂರಿಸಿದ ನೆಂಟ ಹಿತ್ತಲ ಗೋಡೆ ಹಾರಿ ಹೋದ. ಎರಡೂ ಸಲ ಮುಲ್ಲಾ ಯೂನುಸ್ ತಲೆ ಚಚ್ಚಿಕೊಂಡು, "ಒಂದು ಹೋಯ್ತು," "ಎರಡು ಹೋಯ್ತು" ಎಂದು ಲೆಕ್ಕ ಹೇಳಿ, ಹೆಂಡತಿಯನ್ನು ವಾಪಸು ಕರೆದುಕೋ ಎಂದು ಕಳಿಸಿದ್ದ. ಮೂರನೆಯದಕ್ಕೆ ವಾಪಸು ಕರೆಯುವುದೆಂಬುದಿಲ್ಲ. ಮೂವತ್ತು ವರ್ಷದ ಸಂಸಾರ ಈಗ ಒಂದು ಮೀನಿನ ಬಾಯಲ್ಲಿತ್ತು.

ಸಬ್ರಿಯಾ ಕಪ್ಪು ಅಬಾಯ ಹೊದ್ದು ನೇರ ಮುಲ್ಲಾನ ಮನೆಗೆ ಹೋದಳು.

"ಮುಲ್ಲಾ, ಸರಿಯಾಗಿ ಹೇಳಿ. ಮೀನು ಪೇಟೆಯಿಂದ ತಂದ್ರೆ?"

"ಆಗಲ್ಲಮ್ಮ. ಕೈಯಾರೆ ಅಂದಿದಾನೆ."

"ಗಾಳ ಬೇರೆಯವರದ್ದಾದ್ರೆ? ಎರೆ ಬೇರೆಯವರದ್ದಾದ್ರೆ?"

"ಗಾಳ ಯಾರದ್ದೇ ಇರ್ಲಿ, ಎರೆ ಯಾರದ್ದೇ ಇರ್ಲಿ. ನೀರಿಂದ ದಡಕ್ಕೆ ಎಳೆಯೋ ಕೈ ಮಾತ್ರ ಅವನದ್ದೇ ಆಗ್ಬೇಕು." ಮುಲ್ಲಾ ನಿಟ್ಟುಸಿರಿಟ್ಟ. "ಅವನ ನಾಲಿಗೆಗೆ ಬೀಗ ಹಾಕೋ ಹಾಗಿದ್ರೆ ನಾನೇ ಹಾಕ್ತಿದ್ದೆ ತಾಯಿ."

ಮನೆಗೆ ಬಂದಾಗ ಖಲಫ್ ಅಂಗಳದಲ್ಲಿ ತಲೆತಗ್ಗಿಸಿ ಕೂತಿದ್ದ. ಐವತ್ತೈದರ ಗಂಡಸು ಕಾಳು ಕದ್ದು ಸಿಕ್ಕಿಬಿದ್ದವನಂತೆ ಮುದುಡಿದ್ದ. ಮೆಲ್ಲಗೆ, "ಸಬ್ರಿಯಾ, ಒಂದಿಷ್ಟು ಎರೆ ಹಿಟ್ಟು ಕಲಸಿಕೊಡ್ತೀಯಾ?" ಎಂದ.

"ನಾನ್ಯಾಕೆ ಕಲಸ್ಲಿ? ಪಣಕ್ಕಿಟ್ಟಿರೋ ಕುರಿ ಎಲ್ಲಾದ್ರೂ ತಾನೇ ಮಸಾಲೆ ಅರೀತದಾ? ನಿಮ್ಮ ಬಾಯಲ್ಲೇ ಕಲಸ್ಕೊಳ್ಳಿ, ಅಲ್ಲಿ ನೀರಿಗೇನೂ ಕಮ್ಮಿಯಿಲ್ಲ."

ಊರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಹೀತ್‌ನಲ್ಲಿ ಶಬ್ಬೂತ್ ಎಂದರೆ ಖಲಫ್, ಖಲಫ್ ಎಂದರೆ ಶಬ್ಬೂತ್ ಎಂದು ಹೆಸರಾಗಿದ್ದರೂ ಮೂವತ್ತು ವರ್ಷ ಆ ಎರೆಯನ್ನೆಲ್ಲ ಹದ ಮಾಡಿದ್ದು ಸಬ್ರಿಯಾಳ ಕೈ. ಶಬ್ಬೂತ್ ಸಾಮಾನ್ಯ ಮೀನಲ್ಲ. ಬಾಯಂಚಿನ ನಾಲ್ಕು ಮೀಸೆಯಿಂದ ಹೊಳೆಯ ತಳವನ್ನು ತಡಕಾಡಿ, ಮೂಸಿ, ಹಿಡಿಸಿದರೆ ಮಾತ್ರ ಬಾಯಿಗೆ ಹಾಕಿಕೊಳ್ಳುವ ಗಡವ ಅದು. ಹಿಟ್ಟು ಗಟ್ಟಿಯಾದರೆ ಉಗುಳುತ್ತದೆ, ಮೆತ್ತಗಾದರೆ ನೀರಿನಲ್ಲೇ ಕರಗಿಹೋಗುತ್ತದೆ. ಕರಗದಿರಲಿ ಎಂದು ಹತ್ತಿಯ ಎಳೆ ಸೇರಿಸಿ ನಾದಬೇಕು. ಚಳಿಗೆ ಒಂದು ಹದ, ಬಿಸಿಲಿಗೆ ಒಂದು ಹದ. ಇದೆಲ್ಲ ಅವಳ ಬೆರಳಿಗೆ ಗೊತ್ತಿತ್ತು, ಖಲಫ್‌ಗೆ ದಾರ ಎಸೆಯುವುದು ಗೊತ್ತಿತ್ತು, ಆಮೇಲೆ ಚಹಾದಂಗಡಿಯಲ್ಲಿ ಮಾತಾಡುವುದು ಗೊತ್ತಿತ್ತು.

ಬುಧವಾರ ಖಲಫ್ ತಾನೇ ಹಿಟ್ಟಿಗೆ ಅರಿಸಿನ ಹಾಕಿ ಕಲಸಿಕೊಂಡು ಹೋದ. ವಸಂತದ ನೆರೆ, ಯೂಫ್ರಟಿಸ್ ಕೆಂಪು ಮಣ್ಣು ಕಲಸಿಕೊಂಡು ಹರಿಯುತ್ತಿತ್ತು. ಸಂಜೆ ವಾಪಸು ಬಂದವನ ಬುಟ್ಟಿಯಲ್ಲಿ ಬೆರಳುದ್ದದ ನಾಲ್ಕು ಮರಿಗಳಿದ್ದವು. ಬೆಕ್ಕು ಕೂಡ ಅವುಗಳತ್ತ ಅನುಮಾನದಿಂದ ನೋಡಿತು.

ಸಬ್ರಿಯಾ ನಗಲಿಲ್ಲ. ತಲಾಖಾದರೆ ಹೋಗಬೇಕಾದ್ದು ಕುಬೈಸಾದ ಅಣ್ಣನ ಮನೆಗೆ. ಅಣ್ಣ ಒಳ್ಳೆಯವನೇ, ಆದರೆ ಆ ಮನೆಯ ಒಲೆ ಅತ್ತಿಗೆಯದು. ಐವತ್ತು ದಾಟಿದ ಹೆಂಗಸು ಒಂದು ಲೋಟ ಚಹಾಕ್ಕೆ ಇನ್ನೊಬ್ಬಳ ಮುಖ ನೋಡುತ್ತ ನಿಲ್ಲಬೇಕು. ರಮಾದಿಯಲ್ಲಿರುವ ಮಗಳು ನವಾಲ್ ಅತ್ತೆಯ ಮುಂದೆ ಏನೆಂದು ಹೇಳಿಯಾಳು? ನಮ್ಮಪ್ಪ ಮೀನು ಸಿಗಲಿಲ್ಲ ಅಂತ ನಮ್ಮಮ್ಮನ್ನ ಬಿಟ್ಟ ಎನ್ನುವಳೇ? ಸಿಟ್ಟು ಒಂದು ಕಡೆ, ಭಯ ಒಂದು ಕಡೆ. ಗುರುವಾರ ಬೆಳಿಗ್ಗೆ ಭಯವೇ ಗೆದ್ದಿತು, ಅವಳು ಹಿಟ್ಟಿನ ಪರಾತ ಮುಂದಿಟ್ಟುಕೊಂಡಳು.

"ಕೆಂಪು ನೀರು," ಎಂದಳು ಗಂಡನ ಮುಖ ನೋಡದೆ. "ಕಣ್ಣಿಗೆ ಕಾಣಲ್ಲ. ವಾಸನೆ ಹಿಡ್ಕೊಂಡು ಬರೋ ಹಾಗಿರ್ಬೇಕು." ಖರ್ಜೂರದ ಪಾಕ, ಎಳ್ಳಿನ ಹಿಂಡಿ, ಹತ್ತಿ ಹಾಕಿ ತೋಳು ನೋಯುವ ತನಕ ನಾದಿದಳು. ಅವನು ಜೊತೆಗೆ ಇರಲೆಂದು ಕೋಳಿಯ ಪಿತ್ತಕೋಶ, ಒಂದು ಡಬ್ಬಿ ಮಿಡತೆ ಸಹ ತುಂಬಿಕೊಂಡು ಹೋದ.

ಮಧ್ಯಾಹ್ನ ದಾರ ಜಗ್ಗಿತು. ಖಲಫ್ "ಯಾ ಅಲ್ಲಾಹ್" ಎಂದು ಎಳೆದ, ದಡದಲ್ಲಿದ್ದವರೆಲ್ಲ ಓಡಿಬಂದರು, ಮೇಲೆ ಬಂದದ್ದು ತೋಳುದ್ದದ ಲೋಳೆ ಬಳಿದ ಬೆಕ್ಕುಮೀನು. ದಹ್ಹಾಮ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಬ್ಬಾ, ಮೀಸೆಗೇನೂ ಮೋಸವಿಲ್ಲ ಬಿಡು! ಹಾಜಿ ಮುದುಕ, ಕಣ್ಣು ಮಂಜು, ಇದನ್ನೇ ಶಬ್ಬೂತ್ ಅಂತ ಇಟ್ಬಿಡು."

ಆದರೆ ದಹ್ಹಾಮ್ ಕೆಟ್ಟವನಲ್ಲ. ಸಂಜೆ ಒದ್ದೆ ಗೋಣಿಯಲ್ಲಿ ಏನನ್ನೋ ಸುತ್ತಿಕೊಂಡು ಮನೆಗೇ ಬಂದ. ಅವನ ಬಲೆಗೆ ಚಿಕ್ಕದೊಂದು ಶಬ್ಬೂತ್ ಬಿದ್ದಿತ್ತು. "ತಗೋ ಖಲಫ್. ನಾನು ನೋಡಿಲ್ಲ, ನೀನು ನೋಡಿಲ್ಲ. ಯಾರಿಗೆ ಗೊತ್ತಾಗ್ತದೆ?"

ಸಬ್ರಿಯಾ ಗೋಣಿಯ ಹತ್ತಿರ ಸರಿದಳು. ತಗೊಳ್ಳಿ, ತಗೊಳ್ಳಿ ಎಂದು ಮನಸ್ಸಿನಲ್ಲೇ ಕೂಗಿದಳು. ಖಲಫ್ ಗೋಣಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕಣ್ಣು ತುಂಬಿಕೊಂಡ.

"ಆ ಮೇಲಿನವನಿಗೆ ಗೊತ್ತಾಗ್ತದಲ್ಲ ದಹ್ಹಾಮ್. ಆಮೇಲೆ ಇವಳ ಜೊತೆ ಒಂದೇ ಸೂರಿನಡಿ ನಾನು ಯಾವ ಲೆಕ್ಕದಲ್ಲಿ ಇರ್ಲಿ? ತಗೊಂಡು ಹೋಗು."

ಎಂಥ ಮನುಷ್ಯ ಇವನು! ಸುಳ್ಳು ಹೇಳಲಾರ, ಸುಮ್ಮನಿರಲೂ ಆರ. ಸಬ್ರಿಯಾಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಅವನಿಗೆ ಬೇಳೆ ಸಾರು ಬಡಿಸಿದಳು.

ಶುಕ್ರವಾರ ಬೆಳಿಗ್ಗೆ ಅವಳೂ ಹೊಳೆಗೆ ಬಂದಳು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುವುದು ಖಂಡಿತ. ನೀರೆತ್ತುವ ದೊಡ್ಡ ಚಕ್ರದ ಕೆಳಗೆ ನೀರು ತುಸು ತಿಳಿಯಾಗಿತ್ತು. ದಡದ ಹಿಪ್ಪುನೇರಳೆ ಮರ ಹೊಳೆಯ ಮೇಲೆ ಬಾಗಿ ನಿಂತಿತ್ತು, ಗಾಳಿ ಬೀಸಿದಾಗಲೆಲ್ಲ ಹಣ್ಣು ಟಪಟಪ ನೀರಿಗೆ ಬೀಳುತ್ತಿತ್ತು. ಸಬ್ರಿಯಾ ಕಿವಿಗೊಟ್ಟಳು. ಹಣ್ಣು ಬಿದ್ದ ಮೇಲೆ ಇನ್ನೊಂದು ಸದ್ದು, ಮುದುಕ ಬಿಸಿ ಚಹಾ ಸೊರ್ ಎಂದು ಹೀರಿದ ಹಾಗೆ.

"ನವಾಲ್ ಅಪ್ಪಾ, ಹಿಟ್ಟು ಬಿಡಿ. ಹಣ್ಣು ಹಾಕಿ. ಅವು ಮರದಡಿ ಬಂದಿದಾವೆ."

"ಹಿಪ್ಪುನೇರಳೆನಾ? ಮುಟ್ಟಿದ್ರೆ ಕಿವುಚಿಹೋಗ್ತದೆ. ಕೊಕ್ಕೆಯಲ್ಲಿ ನಿಲ್ಲದೇ ಇರೋದನ್ನ ಎರೆ ಅಂತಾರೇನೆ? ಮೂವತ್ತು ವರ್ಷದಿಂದ ಶಬ್ಬೂತ್ ಹಿಡೀತಿದೀನಿ ನಾನು!"

"ಹೌದೌದು, ನೀವೇ ಹಿಡೀತಿದೀರಿ," ಎಂದಳು ಸಬ್ರಿಯಾ.

ಅವನು ಹಿಟ್ಟಿನ ಮೇಲೆ ಹಿಟ್ಟು ಹಾಕಿದ. ಬಿಸಿಲು ಏರಿತು. ಒಂದು ಕಚ್ಚೂ ಇಲ್ಲ. ಅಷ್ಟರಲ್ಲಿ ಮಸೀದಿಯಿಂದ ಕರೆ ಬಂತು. ಖಲಫ್‌ನ ಮುಖ ಬಿಳಿಚಿಕೊಂಡಿತು. ಜುಮ್ಮಾ ನಮಾಜ್ ಬಿಡುವ ಹಾಗಿಲ್ಲ, ಅದು ಮುಗಿದ ಕೂಡಲೇ ಹಾಜಿ ಮನೆಗೆ ಬರುತ್ತಾನೆ. "ದಾರ ನೋಡ್ಕೋ, ಏನನ್ನೂ ಮುಟ್ಬೇಡ," ಎಂದು ದಾರದ ತುದಿಯನ್ನು ಬೇರಿಗೆ ಕಟ್ಟಿ, ಕೈಕಾಲು ತೊಳೆದು ಓಡಿದ. ದಹ್ಹಾಮ್ ಹೋದ, ಉಳಿದ ಗಂಡಸರೂ ಹೋದರು. ದಡದಲ್ಲಿ ಸಬ್ರಿಯಾ ಒಬ್ಬಳೇ ಉಳಿದಳು.

ಮುಟ್ಟಬೇಡ ಅಂದನಂತೆ. ಅವನು ಮರೆಯಾಗುವುದೇ ತಡ, ದಾರ ಎಳೆದು ಹಿಟ್ಟನ್ನು ಕಿತ್ತೆಸೆದಳು. ಕಪ್ಪಗೆ ಹಣ್ಣಾದದ್ದನ್ನು ಬಿಟ್ಟು, ಇನ್ನೂ ಕೆಂಪಗೆ ಗಟ್ಟಿಯಾಗಿದ್ದ ಎರಡು ಹಿಪ್ಪುನೇರಳೆಗಳನ್ನು ಆರಿಸಿದಳು. ತಲೆವಸ್ತ್ರದ ಅಂಚಿನಿಂದ ಒಂದು ನೂಲೆಳೆದು ಅವನ್ನು ಕೊಕ್ಕೆಗೆ ಸುತ್ತಿ ಬಿಗಿದಳು. ಮೇಲೆ ಮಾಗಿದ ಹಣ್ಣೊಂದನ್ನು ಕಿವುಚಿ ರಸ ಬಳಿದಳು. ಬಿದ್ದ ಹಣ್ಣಿನ ಹಾಗೆಯೇ ಟಪ್ ಎಂದು ಮರದಡಿ ಬಿಟ್ಟಳು. ಏನೂ ಆಗಲಿಲ್ಲ. ಇನ್ನೊಮ್ಮೆ ಬಿಟ್ಟಳು. ಮೂರನೆಯ ಸಲ ದಾರ ಮೆಲ್ಲಗೆ ಓರೆಯಾಯಿತು, ನಿಂತಿತು, ಆಮೇಲೆ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ನಡುಹೊಳೆಗೆ ಓಡಿತು.

ಅವಳು ಅಂಗೈಗೆ ದಾರ ಸುತ್ತಿಕೊಂಡು ಹಿಮ್ಮಡಿ ಊರಿ ನಿಂತಳು. ನೀರಿನ ಮೇಲೊಮ್ಮೆ ಬಂಗಾರದ ಬಣ್ಣದ ಬೆನ್ನು ತಿರುಗಿತು. ಶಬ್ಬೂತ್, ಅದೂ ಸಣ್ಣದಲ್ಲ!

ಎಳೆಯಬಹುದಿತ್ತು, ತೋಳಿನಲ್ಲಿ ಕಸುವಿತ್ತು. ಆದರೆ ಅವಳ ಕೈಯಿಂದ ದಡಕ್ಕೆ ಬಂದರೆ ಅದು ಖಲಫ್‌ನ ಮೀನಲ್ಲ. ಬಿಟ್ಟರೆ ಹೋಯಿತು, ಎಳೆದರೂ ಹೋಯಿತು. ಅವನು ಬರುವ ತನಕ ಹಿಡಿದು ನಿಲ್ಲಬೇಕು, ಅಷ್ಟೆ.

ನಿಂತಳು. ಮೀನು ಹೋದ ಕಡೆ ನಾಲ್ಕು ಹೆಜ್ಜೆ ಬಿಟ್ಟುಕೊಟ್ಟಳು, ಸುಸ್ತಾದಾಗ ನಾಲ್ಕು ಹೆಜ್ಜೆ ಹಿಂದಕ್ಕೆ ತಂದಳು. ತೀರ ಹತ್ತಿರ ಬಂದರೆ ಗಾಬರಿಯಾಗಿ ತಾನೇ ಸಡಿಲ ಬಿಟ್ಟಳು. ದಾರ ಅಂಗೈ ಕೊಯ್ದಿತು. ರಕ್ತ ಮಣಿಕಟ್ಟಿನಿಂದ ತೋಳಿನೊಳಗೆ ಇಳಿಯಿತು. ಇವತ್ತೇ ಈ ಮುಲ್ಲಾಗೆ ಸ್ವರ್ಗದ ಎಂಟು ಬಾಗಿಲನ್ನೂ ವರ್ಣಿಸಬೇಕಿತ್ತೇ? ಒಂದು ಬಾಗಿಲು ವರ್ಣಿಸಿ ಬಿಡಬಾರದೇ? ಅಲ್ಲಾಹ್, ತಪ್ಪಾಯಿತು, ಅವರು ಹೇಳಲಿ, ಬೇಗ ಹೇಳಲಿ. ಅವಳು ಅತ್ತಳು, ಮೀನಿಗೆ ಬೈದಳು, ಆಮೇಲೆ ಅದಕ್ಕೇ ಕೈಮುಗಿಯುವ ದನಿಯಲ್ಲಿ, "ಇರಪ್ಪಾ, ಇರು, ಇನ್ನೊಂದು ಸ್ವಲ್ಪ ಇರು" ಎಂದಳು.

ದಡದಿಂದ ಕಾಣುತ್ತಿದ್ದ ಮಸೀದಿ ಕಡೆಗೂ ಬಿಟ್ಟಿತು. ಗಂಡಸರು ಹೊರಗೆ ಬಂದರು. ಖಲಫ್ ಬಾಗಿಲಲ್ಲಿ ಹಾಜಿಯ ಕೈ ಹಿಡಿದು ಕುಶಲ ಕೇಳುತ್ತ ನಿಂತುಬಿಟ್ಟಿದ್ದ. ಮಾತಾಡುತ್ತಿದ್ದ! ಅಷ್ಟು ಜನ ಗಂಡಸರ ಮುಂದೆ ಹೆಂಗಸು ಕೂಗುವುದು ಆ ಊರಿನ ರೂಢಿಯಲ್ಲ. ಸಬ್ರಿಯಾ ಕೂಗಿದಳು.

"ನವಾಲ್ ಅಪ್ಪಾ! ಬಾರೋ ಬೇಗ!"

ಮೂವತ್ತು ವರ್ಷದಲ್ಲಿ ಅವಳು ಅವನನ್ನು 'ಬಾರೋ' ಎಂದದ್ದು ಅದೇ ಮೊದಲು. ಅವನು ನಿಲುವಂಗಿ ಎತ್ತಿಕಟ್ಟಿ ಓಡಿಬಂದ. ದಾರ ನೋಡಿದ, ನೀರು ನೋಡಿದ. "ಯಾವ ಎರೆ ಹಾಕ್ದೆ?" ಎಂದ.

"ಹಿಪ್ಪುನೇರಳೆ, ನೂಲು ಸುತ್ತಿ," ಎನ್ನುತ್ತ ಸಬ್ರಿಯಾ ದಾರವನ್ನು ಅವನ ಕೈಗಿಟ್ಟಳು. ಅವನು ಎಳೆದ, ಅದು ಹೊರಳಿತು, ಅವನು ಸೊಂಟದ ತನಕ ನೀರಿಗಿಳಿದು ಕಿವಿರಿಗೆ ಬೆರಳು ಹಾಕಿ ಅಪ್ಪಿಕೊಂಡು ತಂದ. ದಡದ ಮೇಲೆ ಅದು ಬಾಲ ಬಡಿದಾಗ ಊರೇ ಕೇಕೆ ಹಾಕಿತು. ಮುಲ್ಲಾ ಯೂನುಸ್ ಬಗ್ಗಿ ನೋಡಿ, "ಎಳೆದದ್ದು ಅವನ ಕೈ, ನಾನೇ ಕಂಡೆ, ಅಲ್ಹಮ್ದುಲಿಲ್ಲಾಹ್" ಎಂದ. ಸಬ್ರಿಯಾ ಮರಕ್ಕೊರಗಿ ಕುಸಿದು ಕೂತಳು. ನಗುವೂ ಅಳುವೂ ಒಟ್ಟಿಗೆ ಬಂತು. ಬದುಕಿದೆ, ನನ್ನ ಮನೆ ಉಳಿಯಿತು ಎಂದುಕೊಂಡಳು. ಆ ಗಳಿಗೆಯಲ್ಲಿ ಅವಳು ಅವನ ಎಲ್ಲವನ್ನೂ ಮನ್ನಿಸಿದ್ದಳು, ಅದು ಸತ್ಯ.

ಅಂಗಳದಲ್ಲಿ ಮೀನನ್ನು ಬೆನ್ನಿನಿಂದ ಸೀಳಿ, ತಟ್ಟೆಯ ಹಾಗೆ ಅಗಲಿಸಿ, ಹುಣಸೆ ರಸ ಸವರಿ ಬೆಂಕಿಗೆ ಒಡ್ಡಿದರು. ಸಬ್ರಿಯಾ ಕೈಗೆ ಬಟ್ಟೆ ಸುತ್ತಿಕೊಂಡು ರೊಟ್ಟಿ ತಟ್ಟಿದಳು. ಹೊರಕೋಣೆಯಲ್ಲಿ ಹಾಜಿ, ಮುಲ್ಲಾ, ದಹ್ಹಾಮ್ ತಟ್ಟೆಯ ಸುತ್ತ ಕೂತರು. ಖಲಫ್ ನಿಂತು ಬಡಿಸುತ್ತ, ಮೃದುವಾದ ತುಂಡುಗಳನ್ನು ಹಾಜಿಯ ಮುಂದೆ ಸರಿಸಿದ. ಪರದೆಯ ಈಚೆ ನಿಂತ ಸಬ್ರಿಯಾಗೆ ಎಲ್ಲ ಕೇಳಿಸುತ್ತಿತ್ತು.

"ಸೈ ಕಣಯ್ಯಾ, ಸೋತೆ," ಎಂದ ಹಾಜಿ ಬೆರಳು ನೆಕ್ಕುತ್ತ. "ಇಂಥದ್ದು ತಿಂದು ಹತ್ತು ವರ್ಷವಾಯ್ತು. ಯಾವ ಎರೆಗೆ ಬಂತು?"

"ಅದು ನನ್ನ ಕೈಗುಣ ಹಾಜಿ," ಎಂದ ಖಲಫ್. "ಹಿಪ್ಪುನೇರಳೆ. ಎಲ್ಲರೂ ಕಿವುಚಿಹೋಗ್ತದೆ ಅಂತಾರೆ. ಅದನ್ನ ಕೊಕ್ಕೆಗೆ ಕಟ್ಟೋ ಉಪಾಯ ಬೇರೇನೇ ಇದೆ."

ದಹ್ಹಾಮ್ ಕೆಮ್ಮಿದ. ಸಬ್ರಿಯಾ ಮುಗುಳ್ನಕ್ಕಳು. ಇರಲಿ, ಹೇಳಿಕೊಳ್ಳಲಿ, ಅವಳಿಗೆ ಅಷ್ಟರಿಂದ ನೋವಾಗಲಿಲ್ಲ.

ಹಾಜಿ ಹೊಟ್ಟೆ ಸವರಿಕೊಂಡ. "ಸಾಕಪ್ಪಾ, ಇನ್ನು ಒಂದು ತುತ್ತೂ ಇಳಿಯಲ್ಲ. ರಾವಾದ ಬಸ್ಸು ಹೊರಡುತ್ತೆ, ಅಪ್ಪಣೆ ಕೊಡು."

"ಎಲ್ಲಿಗೆ ಏಳ್ತೀರಿ! ಕೆನ್ನೆಯ ತುಂಡು ಹಾಗೇ ಇದೆ! ಇದನ್ನ ತಿನ್ನದೆ ಎದ್ದರೆ ನನ್ನ ಹೆಂಡತಿಗೆ ತಲಾಖ್!"

ಅಷ್ಟರಲ್ಲಿ ಅವನಿಗೇ ಅರಿವಾಯಿತು. ಆದರೆ ಮಾತು ಪೂರ್ತಿ ಹೊರಗೆ ಬಂದಾಗಿತ್ತು. ಮುಲ್ಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಏನೂ ಇಲ್ಲ, ಏನೂ ಇಲ್ಲ," ಎಂದ ದಹ್ಹಾಮ್ ಅವಸರದಲ್ಲಿ. "ಒಂದು ತುತ್ತು ತಾನೇ! ಹಾಜಿ, ಬಾಯಿ ತೆರೀರಿ, ಮುಗೀತು."

ಹಾಜಿ ಉಸಿರುಬಿಟ್ಟು, ಹೊಟ್ಟೆ ಬಿರಿಯುತ್ತಿದ್ದರೂ ಆ ತುಂಡನ್ನು ರೊಟ್ಟಿಯಲ್ಲಿ ಸುತ್ತಿ ಎತ್ತಿದ.

ಪರದೆ ಸರಿಯಿತು. ಸಬ್ರಿಯಾ ಗಂಡಸರ ಕೋಣೆಯ ನಡುವೆ ಬಂದು ನಿಂತಳು. ಕೈಗೆ ಸುತ್ತಿದ ಬಟ್ಟೆ ಕೆಂಪಾಗಿತ್ತು.

"ಹಾಜಿ, ತಿನ್ಬೇಡಿ."

"ಏ, ಹುಚ್ಚು ಹಿಡೀತಾ ನಿಂಗೆ?" ಖಲಫ್ ಅವಳಿಗೆ ಅಡ್ಡ ಬಂದ. "ಒಂದೇ ಒಂದು ತುತ್ತು ಕಣೇ!"

"ಇವತ್ತು ಒಂದು ತುತ್ತು. ನಾಳೆ ಇನ್ಯಾರಿಗೋ ಒಂದು ಲೋಟ ಚಹಾ. ನಾಡಿದ್ದು ಯಾರದೋ ಕತ್ತೆ. ಬಂದವರ ಹೊಟ್ಟೆ ತುಂಬಿದೆಯೋ ಇಲ್ವೋ ಅಂತ ಸಾಯೋ ತನಕ ಈ ಪರದೆ ಹಿಂದೆ ಎದೆ ಹಿಡ್ಕೊಂಡು ನಿಲ್ಲೋದಾ ನಾನು? ಮೂರು ದಿನ ನಿಂತು ನೋಡ್ದೆ. ಆಗಲ್ಲ ನನ್ನ ಕೈಲಿ. ಅಣ್ಣನ ಮನೇಲಿ ಅತ್ತಿಗೆ ಮುಖ ನೋಡ್ಕೊಂಡು ಚಹಾ ಕುಡೀತೀನಿ, ಆ ಭಯ ಇದಕ್ಕಿಂತ ಸಣ್ಣದು."

"ಸಬ್ರಿಯಾ, ಇನ್ನು ಮೇಲೆ ಹಾಕಲ್ಲ. ಆಣೆಗೂ ಹಾಕಲ್ಲ..."

"ನೋಡಿದ್ರಾ ಹಾಜಿ?"

ಹಾಜಿ ಮುಖ್ಲಿಫ್ ತುತ್ತನ್ನು ಕೈಯಲ್ಲೇ ಹಿಡಿದು ಅವಳ ಕೈಯ ಬಟ್ಟೆಯನ್ನು ನೋಡಿದ. "ಮಗಳೇ, ಸಿಟ್ಟಿನಲ್ಲಿ ಹೇಳ್ತಿದೀಯಾ?"

"ಸಿಟ್ಟು ಹೊಳೆ ದಡದಲ್ಲೇ ಮುಗೀತು ಹಾಜಿ. ಇದು ಸಿಟ್ಟಲ್ಲ."

ಮುದುಕ ತುತ್ತನ್ನು ತಟ್ಟೆಯಲ್ಲಿಟ್ಟ. ದಹ್ಹಾಮ್‌ನ ಹೆಗಲು ಹಿಡಿದು ಮೊಣಕಾಲು ಒತ್ತಿಕೊಳ್ಳುತ್ತ ನಿಧಾನವಾಗಿ ಎದ್ದ. ಖಲಫ್ ಅವನ ನಿಲುವಂಗಿಯ ಅಂಚು ಹಿಡಿದು, "ಕೂತ್ಕೊಳ್ಳಿ ಹಾಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಕೂತ್ಕೊಳ್ಳಿ" ಎಂದು ಮಗುವಿನ ಹಾಗೆ ಅಳತೊಡಗಿದ.

ಹಾಜಿ ಅಂಚು ಬಿಡಿಸಿಕೊಂಡು, "ಕುಬೈಸಾ ದಾರಿಯಲ್ಲೇ ನಮ್ಮ ಬಸ್ಸು ಹೋಗೋದು ಮಗಳೇ, ಬಟ್ಟೆಬರೆ ಕಟ್ಕೋ, ನಾನು ಹೊರಗೆ ಕಾಯ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡ.